ತಲೆಯೊಳಗಿನ ರಾಜಕಾಲುವೆ: ಮಿದುಳಿನ ಸೈನಸ್, ಅದರ ಸ್ಕ್ಯಾನ್ ಮತ್ತು ಬಾಣಂತಿಯ ತಲೆನೋವು



ಸ್ಕ್ಯಾನಿಂಗ್ ವರದಿಯಲ್ಲಿ ‘ವೀನಸ್ ಸೈನಸ್ ಥ್ರಾಂಬೋಸಿಸ್’ ಎಂದು ಬರೆದಿದ್ದರೆ ರೋಗಿಯ ಕಡೆಯವರು ನಮ್ಮನ್ನು ಮೊದಲು ಕೇಳುವುದು ಇದನ್ನೇ: “ಸೈನಸ್ ಅಂದರೆ ಮೂಗು ಕಟ್ಟುವುದು ತಾನೇ ಸಿಸ್ಟರ್? ಅದಕ್ಕೆ ಐ.ಸಿ.ಯು. ಏಕೆ?” ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಸೈನಸ್ ಎಂಬ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಡೊಂಕು, ಪೊಳ್ಳು ಜಾಗ ಎಂಬ ಅರ್ಥವಿದೆ. ಮೂಗಿನ ಅಕ್ಕಪಕ್ಕದ ಮೂಳೆಯಲ್ಲಿ ಗಾಳಿ ತುಂಬಿರುವ ಪೊಳ್ಳುಗಳಿಗೂ ಅದೇ ಹೆಸರು, ಮಿದುಳಿನ ಹೊದಿಕೆಯಲ್ಲಿ ರಕ್ತ ಹರಿಯುವ ಪೊಳ್ಳುಗಳಿಗೂ ಅದೇ ಹೆಸರು. ಮೊದಲನೆಯದು ಕಟ್ಟಿಕೊಂಡರೆ ನೆಗಡಿ, ತಲೆಭಾರ. ಎರಡನೆಯದು ಕಟ್ಟಿಕೊಂಡರೆ ಪ್ರಾಣಕ್ಕೇ ಅಪಾಯ ಬರಬಹುದು. ಈ ಹಾಳೆಗಳಲ್ಲಿ ಎರಡನೆಯ ಸೈನಸ್ ಬಗ್ಗೆ ತಿಳಿಸಿದ್ದೇವೆ. ಹೆರಿಗೆಯಾದ ಮನೆಯವರು ಇದನ್ನು ತಪ್ಪದೆ ಓದಬೇಕೆಂದು ವಿನಂತಿ. ಏಕೆಂದರೆ ನಮ್ಮ ನಾಡಿನಲ್ಲಿ ಈ ತೊಂದರೆ ಹೆಚ್ಚಾಗಿ ಬಾಣಂತಿಯರನ್ನು ಕಾಡುತ್ತಾ ಬಂದಿದೆ.

ನೀರಿನ ಕೊಳವೆ ಮತ್ತು ರಾಜಕಾಲುವೆ

ನಮ್ಮ ಮಿದುಳಿನ ತೂಕ ದೇಹದ ತೂಕದ ನೂರಕ್ಕೆ ಸುಮಾರು 2 ಭಾಗ ಮಾತ್ರ. ಆದರೆ ಪ್ರತಿ ನಿಮಿಷ ಅದಕ್ಕೆ ಹೋಗುವ ರಕ್ತ ಸುಮಾರು 700 ಮಿಲಿ ಲೀಟರ್. ಹೋದಷ್ಟೇ ರಕ್ತ ಅದೇ ನಿಮಿಷದಲ್ಲಿ ಹೊರಗೂ ಬರಬೇಕು. ತಲೆಬುರುಡೆ ಗಟ್ಟಿ ಮೂಳೆಯ ಡಬ್ಬ. ಅದು ಹೊಟ್ಟೆಯಂತೆ ಹಿಗ್ಗುವುದಿಲ್ಲ. ಹೊರಹೋಗುವ ದಾರಿ ಕಟ್ಟಿದರೆ ಒಳಗೆ ಒತ್ತಡ ಏರುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ನಿಮ್ಮ ಬೀದಿಗೆ ಕಾವೇರಿ ನೀರು ಕೊಳವೆಯಲ್ಲಿ ಒತ್ತಡದಿಂದ ಬರುತ್ತದೆ. ಬಿದ್ದ ಮಳೆನೀರು ಮಾತ್ರ ಒತ್ತಡವಿಲ್ಲದೆ ಇಳಿಜಾರು ಹುಡುಕಿಕೊಂಡು ಚರಂಡಿಯಿಂದ ರಾಜಕಾಲುವೆಗೆ, ಅಲ್ಲಿಂದ ವೃಷಭಾವತಿಗೆ ಸೇರಿ, ನಾಯಂಡಹಳ್ಳಿ, ಕೆಂಗೇರಿ ದಾಟಿ ಅರ್ಕಾವತಿಯ ಕಡೆಗೆ ಹೋಗುತ್ತದೆ. ಕಾವೇರಿ ಕೊಳವೆ ಒಡೆದರೆ ಆ ಬೀದಿಗೆ ನೀರಿಲ್ಲ, ಅಷ್ಟೇ. ಆದರೆ ರಾಜಕಾಲುವೆಯಲ್ಲಿ ಕಸ ಸಿಕ್ಕಿಕೊಂಡರೆ? ಕೆಳಗಿನವರಿಗೆ ಏನೂ ಆಗುವುದಿಲ್ಲ, ಮೇಲಿನ ಬೀದಿಯ ಮನೆಗಳಿಗೆ ನೀರು ನುಗ್ಗುತ್ತದೆ.

ಶುದ್ಧ ರಕ್ತವನ್ನು ಮಿದುಳಿಗೆ ಒಯ್ಯುವ ಅಪಧಮನಿಗಳು ಕಾವೇರಿ ಕೊಳವೆಯ ಹಾಗೆ. ನಾವು ಸಾಮಾನ್ಯವಾಗಿ ಲಕ್ವ ಅಥವಾ ಪಾರ್ಶ್ವವಾಯು ಎನ್ನುವುದು ಹೆಚ್ಚಾಗಿ ಈ ಕೊಳವೆ ಕಟ್ಟಿದಾಗ ಅಥವಾ ಒಡೆದಾಗ ಬರುವಂಥದ್ದು. ಮಲಿನ ರಕ್ತವನ್ನು ಹೊರತರುವ ಅಭಿಧಮನಿಗಳು ಚರಂಡಿಯ ಹಾಗೆ. ಅವೆಲ್ಲ ಬಂದು ಸೇರುವ ದೊಡ್ಡ ರಾಜಕಾಲುವೆಗಳೇ ಸೈನಸ್‌ಗಳು. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹಿಂದೆ ಇರುವ ಮಿದುಳಿನ ಭಾಗದಲ್ಲಿ ರಕ್ತ ನಿಂತು, ಊದಿ, ಕೊನೆಗೆ ಸಣ್ಣ ನಾಳಗಳು ಸೋರತೊಡಗುತ್ತವೆ. ಇದೂ ಒಂದು ಬಗೆಯ ಪಾರ್ಶ್ವವಾಯುವೇ. ಆದರೆ ಇದು ಹೆಚ್ಚಾಗಿ ಚಿಕ್ಕ ವಯಸ್ಸಿನವರಿಗೆ ಬರುತ್ತದೆ, ನಿಧಾನವಾಗಿ ಬರುತ್ತದೆ, ಬೇಗ ಗುರುತಿಸಿದರೆ ಬಹುಪಾಲು ಚೆನ್ನಾಗಿ ಗುಣವಾಗುತ್ತದೆ.

ಸೈನಸ್‌ಗಳು ಎಲ್ಲಿವೆ?

ನಿಮ್ಮ ಬೆರಳನ್ನು ಹಣೆಯ ನಡುವೆ ಇಟ್ಟು, ಬೈತಲೆಯ ಗೆರೆಯಲ್ಲೇ ನೆತ್ತಿಯ ಮೇಲೆ ಹಾಯಿಸಿ, ತಲೆಯ ಹಿಂಭಾಗದಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನವರೆಗೆ ತನ್ನಿ. ಬುರುಡೆಯ ಒಳಗೆ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ‘ಸುಪೀರಿಯರ್ ಸ್ಯಾಜಿಟಲ್ ಸೈನಸ್’ ಸಾಗುತ್ತದೆ. ಮುಂದೆ ತೀರಾ ಸಣ್ಣದು, ಹಿಂದೆ ಬರುತ್ತಾ ಅಗಲವಾಗುತ್ತದೆ. ಅಡ್ಡಡ್ಡ ಕತ್ತರಿಸಿ ನೋಡಿದರೆ ಇದು ದುಂಡಗಿಲ್ಲ, ತ್ರಿಕೋನವಾಗಿದೆ. ಈ ತ್ರಿಕೋನವನ್ನು ನೆನಪಿಟ್ಟುಕೊಳ್ಳಿ, ಸ್ಕ್ಯಾನಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಹಿಂಭಾಗದ ಉಬ್ಬಿನ ಒಳಗಡೆ ಒಂದು ಸಂಗಮವಿದೆ. ಮಿದುಳಿನ ಆಳದಿಂದ ಬರುವ ‘ಸ್ಟ್ರೇಟ್ ಸೈನಸ್’ ಕೂಡ ಅಲ್ಲಿಗೇ ಬಂದು ಸೇರುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅಲೆಕ್ಸಾಂಡ್ರಿಯಾದಲ್ಲಿದ್ದ ಹೆರೋಫಿಲಸ್ ಎಂಬ ವೈದ್ಯನ ಹೆಸರು ಈ ಸಂಗಮಕ್ಕೆ ಇಂದಿಗೂ ಇದೆ. ಸಂಗಮದಿಂದ ಎಡಕ್ಕೊಂದು ಬಲಕ್ಕೊಂದು ‘ಟ್ರಾನ್ಸ್‌ವರ್ಸ್ ಸೈನಸ್’ ಹೊರಟು ಕಿವಿಗಳ ಕಡೆಗೆ ಹೋಗುತ್ತವೆ. ಕಿವಿಯ ಹಿಂದೆ ಅವು ಡೊಂಕಾಗಿ ಕೆಳಗಿಳಿಯುವ ಭಾಗಕ್ಕೆ ‘ಸಿಗ್ಮಾಯ್ಡ್ ಸೈನಸ್’ ಎಂದು ಹೆಸರು. ಅಲ್ಲಿಂದ ಕತ್ತಿನ ಜುಗುಲರ್ ಅಭಿಧಮನಿ, ಆಮೇಲೆ ಹೃದಯ. ಇವಲ್ಲದೆ ಕಣ್ಣುಗಳ ಹಿಂದೆ ‘ಕ್ಯಾವರ್ನಸ್ ಸೈನಸ್’ ಎಂಬ ಜೋಡಿಯಿದೆ. ಮುಖದ ಮೇಲ್ಭಾಗದ ರಕ್ತನಾಳಗಳಿಗೂ ಇದಕ್ಕೂ ಸಂಪರ್ಕವಿದೆ. ಆದ್ದರಿಂದಲೇ ಮೂಗಿನ ಸುತ್ತ, ಮೇಲ್ತುಟಿಯ ಮೇಲೆ ಆದ ಕೀವುಗುಳ್ಳೆಯನ್ನು ಹಿಸುಕಬಾರದು ಎನ್ನುವುದು.

ಈ ಸೈನಸ್‌ಗಳಿಗೆ ಸ್ವಂತ ಸ್ನಾಯು ಇಲ್ಲ, ಕಾಲಿನ ರಕ್ತನಾಳಗಳಲ್ಲಿ ಇರುವಂಥ ಕವಾಟಗಳೂ ಇಲ್ಲ. ಮಿದುಳಿನ ಗಟ್ಟಿ ಹೊದಿಕೆಯ ಎರಡು ಪದರಗಳ ನಡುವೆ ಬಿಟ್ಟ ದಾರಿ, ಅಷ್ಟೇ. ಇನ್ನೂ ಒಂದು ಕೆಲಸ ಇವುಗಳದ್ದು. ಮಿದುಳಿನ ಸುತ್ತ ತುಂಬಿರುವ ತಿಳಿನೀರು ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಉತ್ಪತ್ತಿಯಾಗುತ್ತದೆ. ಅದರಲ್ಲಿ ಬಹುಪಾಲು ಸೈನಸ್‌ನ ಗೋಡೆಯಲ್ಲಿರುವ ಸಣ್ಣ ಮೊಗ್ಗುಗಳ ಮೂಲಕ ರಕ್ತಕ್ಕೆ ಇಳಿದುಹೋಗುತ್ತದೆ. ಸೈನಸ್ ಕಟ್ಟಿದರೆ ಈ ನೀರೂ ಇಳಿಯುವುದಿಲ್ಲ. ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಇವೆಲ್ಲ ಒತ್ತಡ ಏರಿದ್ದರ ಗುರುತುಗಳು.

ಬಾಣಂತಿಗೇ ಏಕೆ?

ಹೆರಿಗೆಯ ಸಮಯದಲ್ಲಿ ರಕ್ತಸ್ರಾವ ನಿಲ್ಲಬೇಕಲ್ಲವೇ? ಅದಕ್ಕಾಗಿ ಗರ್ಭಿಣಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣವನ್ನು ಪ್ರಕೃತಿಯೇ ಕೊಟ್ಟಿರುತ್ತದೆ. ಈ ಗುಣ ಹೆರಿಗೆಯ ಮರುದಿನವೇ ಹೋಗಿಬಿಡುವುದಿಲ್ಲ. ಮೊದಲ 6 ವಾರ ಹೆಚ್ಚಾಗಿರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಇದು ಎಲ್ಲ ದೇಶದ ತಾಯಂದಿರಿಗೂ ಒಂದೇ. ಅದರ ಜೊತೆಗೆ ನಮ್ಮಲ್ಲಿ ರಕ್ತಹೀನತೆ, ಹೆರಿಗೆಯ ನಂತರದ ಸೋಂಕು ಸೇರುತ್ತವೆ, ಇನ್ನೊಂದು ನಾವೇ ಸೇರಿಸುವುದು: ನೀರು ಕೊಡದೇ ಇರುವುದು.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಗಾಯ ಮಾಗುವುದಿಲ್ಲ, ಮಗುವಿಗೆ ಶೀತವಾಗುತ್ತದೆ ಎಂದು ಹಿರಿಯರು ದಿನಕ್ಕೆ ಒಂದೆರಡು ಲೋಟ ಬಿಸಿನೀರಿನಲ್ಲೇ ನಿಲ್ಲಿಸುವ ಮನೆಗಳು ಇವತ್ತಿಗೂ ಇವೆ. ಕೋಣೆಯ ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ, ಮೆಣಸು ಬೆಳ್ಳುಳ್ಳಿಯ ಖಾರದ ಊಟ ಕೊಟ್ಟು, ಬೆವರು ಬರುವಂತೆ ಬಿಸಿನೀರು ಹುಯ್ದು ಮಲಗಿಸುತ್ತಾರೆ. ಹಾಲೂಡಿಸುವ ತಾಯಿಯ ದೇಹದಿಂದ ಹಾಲಿನ ರೂಪದಲ್ಲೇ ದಿನಕ್ಕೆ ಮುಕ್ಕಾಲು ಲೀಟರ್‌ನಷ್ಟು ನೀರು ಹೋಗುತ್ತದೆ. ಬೆವರು ಬೇರೆ. ಒಳಗೆ ಬರುವುದು ಎರಡು ಲೋಟ. ಮೊದಲೇ ಹೆಪ್ಪುಗಟ್ಟಲು ಸಿದ್ಧವಾಗಿರುವ ರಕ್ತ ಇದರಿಂದ ಇನ್ನೂ ಮಂದವಾಗುತ್ತದೆ.

ಬಾಣಂತನದ ಪದ್ಧತಿಯೆಲ್ಲಾ ತಪ್ಪು ಎಂದು ನಾವು ಹೇಳುತ್ತಿಲ್ಲ. ತಾಯಿಗೆ ವಿಶ್ರಾಂತಿ, ಎಣ್ಣೆನೀರು, ತವರಿನ ಆರೈಕೆ, ಅಂಟಿನ ಉಂಡೆ, ತುಪ್ಪದನ್ನ ಇವು ಇರಲಿ. ಅಜ್ಜಿಯಂದಿರ ಕೈಗುಣದಿಂದ ಎಷ್ಟೋ ತಾಯಂದಿರು ಚೇತರಿಸಿಕೊಂಡಿದ್ದಾರೆ. ನೀರಿನ ಮೇಲಿನ ನಿರ್ಬಂಧ ಒಂದನ್ನು ಮಾತ್ರ ಬಿಟ್ಟುಬಿಡಿ. ಹೆರಿಗೆಯ ನಂತರ ಹೊಟ್ಟೆ ದೊಡ್ಡದಾಗಿ ಕಾಣುವುದು ಹಿಗ್ಗಿದ ಸ್ನಾಯು ಮತ್ತು ಗರ್ಭಕೋಶದಿಂದ, ಕುಡಿದ ನೀರಿನಿಂದಲ್ಲ. ಕುಡಿದ ನೀರು ಮೂತ್ರವಾಗಿ ಹೋಗುತ್ತದೆ, ಹೊಟ್ಟೆಯಲ್ಲಿ ಕೂರುವುದಿಲ್ಲ. ಮಗುವಿಗೆ ಪ್ರತಿ ಸಲ ಹಾಲೂಡಿಸುವಾಗ ಪಕ್ಕದಲ್ಲಿ ಒಂದು ಲೋಟ ಕುದಿಸಿ ಆರಿಸಿದ ನೀರು ಇಡಿ. ಬಾಯಾರಿದಾಗಲೆಲ್ಲ ಕುಡಿಯಲಿ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದೇ ಅರ್ಥ. ಹೆರಿಗೆಯ ಸಮಯದಲ್ಲಿ ಏರಿದ ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇದ್ದವರು ಮಾತ್ರ ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಿ. ಜೊತೆಗೆ ದಿನವಿಡೀ ಹಾಸಿಗೆಯಲ್ಲೇ ಇಡಬೇಡಿ, ಆಸ್ಪತ್ರೆಯಲ್ಲಿ ಹೇಳಿದಂತೆ ಎದ್ದು ಓಡಾಡಲಿ.

ನೀರು ಕುಡಿದ ಮಾತ್ರಕ್ಕೆ ಈ ಕಾಯಿಲೆ ಬರುವುದೇ ಇಲ್ಲ ಎಂದು ತಿಳಿಯಬಾರದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬಾಣಂತಿಯರ ಈ ರೋಗವನ್ನು ದಶಕಗಳಿಂದ ಅಧ್ಯಯನ ಮಾಡುತ್ತಾ ಬಂದಿದ್ದಾರೆ. 2008ರಲ್ಲಿ ಅವರು ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಹೆಚ್ಚಿರುವ, ಫೋಲಿಕ್ ಆಮ್ಲ ಕಡಿಮೆಯಿರುವ ಬಾಣಂತಿಯರಲ್ಲಿ ಇದರ ಅಪಾಯ ಹೆಚ್ಚು. ಸರ್ಕಾರದಿಂದ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಹೆರಿಗೆಯಾದ ಮೇಲೂ 180 ದಿನ ತೆಗೆದುಕೊಳ್ಳಬೇಕು. ಹೆರಿಗೆಯಾಯಿತಲ್ಲ ಎಂದು ಉಳಿದ ಮಾತ್ರೆಗಳನ್ನು ಕಪಾಟಿಗೆ ಸೇರಿಸುವವರೇ ಹೆಚ್ಚು. ಬಿ-12 ಜೀವಸತ್ವ ಕಡಿಮೆಯಾದರೂ ಹೋಮೋಸಿಸ್ಟೀನ್ ಏರುತ್ತದೆ. ಈ ಜೀವಸತ್ವ ಸೊಪ್ಪು ತರಕಾರಿ ಕಾಳುಗಳಲ್ಲಿಲ್ಲ. ಶಾಕಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಯೇ ಆಧಾರ. ಬಾಣಂತಿಗೆ ಮೊಸರು ಮಜ್ಜಿಗೆ ಶೀತ ಎಂದು ಬಿಡಿಸುವ ಮನೆಯವರು ಇದನ್ನು ಸ್ವಲ್ಪ ಯೋಚಿಸಬೇಕು.

ಗಂಡಸರಿಗೂ ಬರುತ್ತದೆ. ಹೈದರಾಬಾದಿನ ನಿಜಾಮ್ಸ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ 428 ರೋಗಿಗಳ ದಾಖಲೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಗಂಡಸರೇ ಇದ್ದರು. ಮದ್ಯಪಾನ, ನಿರ್ಜಲತೆ, ಹುಟ್ಟಿನಿಂದಲೇ ಇರುವ ರಕ್ತ ಹೆಪ್ಪುಗಟ್ಟುವ ದೋಷ ಇವೆಲ್ಲ ಕಾರಣಗಳಾಗಬಹುದು. ಕಿವಿ ಸೋರುವುದನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಕೀವು ಮೂಳೆಯನ್ನು ಕೊರೆದು ಪಕ್ಕದಲ್ಲೇ ಇರುವ ಸಿಗ್ಮಾಯ್ಡ್ ಸೈನಸ್‌ಗೆ ತಗಲಬಹುದು. ಕಿವಿಗೆ ಕಾದ ಎಣ್ಣೆ ಬಿಡುವುದು ಇದಕ್ಕೆ ಔಷಧಿಯಲ್ಲ. ಹೆಣ್ಣುಮಕ್ಕಳು ಗೌರಿ ಹಬ್ಬ, ವರಮಹಾಲಕ್ಷ್ಮಿ ವ್ರತ, ಮದುವೆ ಎಂದು ಮುಟ್ಟು ಮುಂದೂಡಲು ಅಂಗಡಿಯಿಂದ ಮಾತ್ರೆ ತಂದು ನುಂಗುವುದುಂಟು. ಈ ಮಾತ್ರೆಗಳನ್ನೂ, ಗರ್ಭನಿರೋಧಕ ಮಾತ್ರೆಗಳನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಯಾವ ತಲೆನೋವಿಗೆ ಹೆದರಬೇಕು?

ಬಾಣಂತಿಗೆ ತಲೆನೋವು ಬರಲು ಹತ್ತು ಕಾರಣ. ನಿದ್ದೆಗೇಡು, ರಕ್ತಹೀನತೆ, ಹಸಿವು. ಸಿಜೇರಿಯನ್ ಆದವರಿಗೆ ಬೆನ್ನಿಗೆ ಕೊಟ್ಟ ಅರಿವಳಿಕೆಯ ಸೂಜಿಯಿಂದಲೂ ಕೆಲವೊಮ್ಮೆ ತಲೆನೋವು ಬರುತ್ತದೆ. ಸೂಜಿಯ ತಲೆನೋವಿಗೆ ಒಂದು ಗುರುತಿದೆ: ಎದ್ದು ಕೂತರೆ ಜೋರಾಗುತ್ತದೆ, ಮಲಗಿದರೆ ಇಳಿಯುತ್ತದೆ. ಸೈನಸ್ ಕಟ್ಟಿದಾಗಿನ ತಲೆನೋವು ಹೆಚ್ಚಾಗಿ ಇದಕ್ಕೆ ತಿರುಗುಮುರುಗು. ಮಲಗಿದರೆ, ಕೆಮ್ಮಿದರೆ, ಮಲವಿಸರ್ಜನೆಗೆ ಮುಕ್ಕಿದರೆ ಹೆಚ್ಚುತ್ತದೆ, ದಿನದಿಂದ ದಿನಕ್ಕೆ ಏರುತ್ತದೆ, ಮಾತ್ರೆಗೆ ಜಗ್ಗುವುದಿಲ್ಲ. ಸೂಜಿಯ ತಲೆನೋವೆಂದು ಹೇಳಿ ಕಳಿಸಿದ್ದರೂ, ಮನೆಗೆ ಹೋದ ಮೇಲೆ ಅದರ ರೀತಿ ಬದಲಾಗಿ ಮಲಗಿದರೂ ಇಳಿಯದೇ ಹೋದರೆ ಮರಳಿ ತೋರಿಸಿ.

ತಲೆನೋವಿನ ಜೊತೆ ಪದೇಪದೇ ವಾಂತಿ, ಕಣ್ಣು ಮಂಜು, ಒಂದು ವಸ್ತು ಎರಡಾಗಿ ಕಾಣುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಮಂಪರು, ಗುರುತಿನವರನ್ನೇ ಗುರುತಿಸದಿರುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆತರಬೇಕು. ಫಿಟ್ಸ್ ಬಂದರೆ ಒಂದು ನಿಮಿಷವೂ ಕಾಯಬಾರದು. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಎಡ ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಬೇಡಿ, ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಬಾಣಂತಿಗೆ ಫಿಟ್ಸ್ ಬರುವುದು ರಕ್ತದೊತ್ತಡದ ನಂಜಿನಿಂದಲೂ ಇರಬಹುದು, ಸೈನಸ್‌ನಿಂದಲೂ ಇರಬಹುದು. ಎರಡಕ್ಕೂ ಚಿಕಿತ್ಸೆಯಿದೆ. ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಿ ಎರಡು ದಿನ ಕಳೆದರೆ ಆ ಎರಡು ದಿನ ತಿರುಗಿ ಸಿಗುವುದಿಲ್ಲ.

21 ದೇಶಗಳ 624 ರೋಗಿಗಳನ್ನು ಒಳಗೊಂಡ ದೊಡ್ಡ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ತಲೆನೋವಿತ್ತು, ಹತ್ತರಲ್ಲಿ ಸುಮಾರು ನಾಲ್ವರಿಗೆ ಫಿಟ್ಸ್ ಬಂದಿತ್ತು. ಲಕ್ಷಣ ಶುರುವಾದ ಮೇಲೆ ರೋಗ ಗುರುತಾಗಲು ಅರ್ಧದಷ್ಟು ಜನರಿಗೆ 7 ದಿನ ಅಥವಾ ಅದಕ್ಕಿಂತ ಹೆಚ್ಚು ಬೇಕಾಯಿತು. ಎಲ್ಲ ಸೌಕರ್ಯವಿರುವ ದೇಶಗಳಲ್ಲೂ ಹೀಗೆ. ಇದು ಮೋಸಗೊಳಿಸುವ ಕಾಯಿಲೆ. ಆದ್ದರಿಂದ ವೈದ್ಯರಿಗೆ ಹೇಳುವಾಗ ಬರೀ ‘ತಲೆನೋವು’ ಎನ್ನಬೇಡಿ. ‘ಹೆರಿಗೆಯಾಗಿ ಇಷ್ಟು ದಿನವಾಯಿತು, ಮಲಗಿದರೆ ಹೆಚ್ಚುತ್ತದೆ’ ಎಂದು ಪೂರ್ತಿ ಹೇಳಿ.

ಸ್ಕ್ಯಾನಿನಲ್ಲಿ ಏನು ಕಾಣುತ್ತದೆ?

ಮೊದಲು ಮಾಡುವುದು ಸಾಮಾನ್ಯವಾಗಿ ಸಿ.ಟಿ. ಸ್ಕ್ಯಾನ್. ಅದರಲ್ಲಿ ಹೊಸದಾಗಿ ಹೆಪ್ಪುಗಟ್ಟಿದ ರಕ್ತ ಸುತ್ತಲಿನ ಭಾಗಕ್ಕಿಂತ ಬಿಳುಪಾಗಿ ಕಾಣುತ್ತದೆ. ಸ್ಯಾಜಿಟಲ್ ಸೈನಸ್‌ನಲ್ಲಿದ್ದರೆ ತಲೆಯ ಹಿಂಭಾಗದಲ್ಲಿ ಒಂದು ಬಿಳಿ ತ್ರಿಕೋನ. ಔಷಧಿ ಚುಚ್ಚಿ ಮಾಡುವ ಸಿ.ಟಿ.ಯಲ್ಲಿ ಇದು ತಿರುಗಿ ಕಾಣುತ್ತದೆ: ಔಷಧಿ ಸೈನಸ್‌ನ ಗೋಡೆಗೆ ಹೋಗುತ್ತದೆ, ಹೆಪ್ಪಿನೊಳಗೆ ಹೋಗುವುದಿಲ್ಲ. ಆಗ ಅಂಚು ಬಿಳಿ, ನಡುವೆ ಕಪ್ಪು. ಇದನ್ನು ವರದಿಯಲ್ಲಿ ‘ಎಂಪ್ಟಿ ಡೆಲ್ಟಾ’ ಎಂದು ಬರೆಯುತ್ತಾರೆ, ಅಂದರೆ ಖಾಲಿ ತ್ರಿಕೋನ. ಆದರೆ ಬಹಳ ರೋಗಿಗಳಲ್ಲಿ ಔಷಧಿಯಿಲ್ಲದ ಸಾದಾ ಸಿ.ಟಿ.ಯಲ್ಲಿ ಏನೂ ಕಾಣುವುದಿಲ್ಲ. ‘ನಿನ್ನೆ ಸಿ.ಟಿ. ನಾರ್ಮಲ್ ಎಂದರು, ಇವತ್ತು ಮತ್ತೆ ಎಂ.ಆರ್.ಐ. ಏಕೆ, ದುಡ್ಡು ಮಾಡಲಿಕ್ಕಾ?’ ಎಂದು ಬೇಸರ ಪಡುವವರಿಗೆ ಇದೇ ಉತ್ತರ. ಸಾದಾ ಸಿ.ಟಿ. ನಾರ್ಮಲ್ ಎಂದ ಮಾತ್ರಕ್ಕೆ ಸೈನಸ್ ಚೆನ್ನಾಗಿದೆ ಎಂದಾಗುವುದಿಲ್ಲ.

ಎಂ.ಆರ್.ಐ.ಯಲ್ಲಿ ಹೆಪ್ಪಿನ ಬಣ್ಣ ಅದರ ವಯಸ್ಸಿನ ಪ್ರಕಾರ ಬದಲಾಗುತ್ತದೆ. ಮೊದಲ ಐದಾರು ದಿನ ಕೆಲವು ಚಿತ್ರಗಳಲ್ಲಿ ಅದು ಕಪ್ಪಾಗಿ, ಹರಿಯುವ ರಕ್ತದಂತೆಯೇ ಕಂಡು ಮೋಸ ಮಾಡುತ್ತದೆ. ಒಂದು ವಾರ ಕಳೆದ ಮೇಲೆ ಬಿಳಿಯಾಗಿ ಎದ್ದು ಕಾಣುತ್ತದೆ. ಆದ್ದರಿಂದ ತಂತ್ರಜ್ಞರು ಒಂದೇ ಚಿತ್ರ ನಂಬದೆ ಹಲವು ಬಗೆಯಲ್ಲಿ ತೆಗೆಯುತ್ತಾರೆ. ಜೊತೆಗೆ ‘ಎಂ.ಆರ್. ವೀನೋಗ್ರಾಂ’ ಎಂಬ, ರಕ್ತನಾಳಗಳನ್ನು ಮಾತ್ರ ತೋರಿಸುವ ಚಿತ್ರ ತೆಗೆಯುತ್ತಾರೆ. ಇದಕ್ಕೇ ಎಂ.ಆರ್.ವಿ. ಎನ್ನುವುದು. ಸಾಮಾನ್ಯ ವಿಧಾನದ ಎಂ.ಆರ್.ವಿ.ಗೆ ಔಷಧಿ ಚುಚ್ಚಬೇಕಿಲ್ಲ. ಅದರಲ್ಲಿ ಬೆಳ್ಳಗೆ ಕಾಣುವುದು ನಾಳವಲ್ಲ, ನಾಳದಲ್ಲಿ ಹರಿಯುತ್ತಿರುವ ರಕ್ತ. ಹರಿವು ನಿಂತ ಕಡೆ ಗೆರೆ ಕಡಿದಂತೆ ಕಾಣುತ್ತದೆ.

ಇಲ್ಲೇ ಒಂದು ಗೊಂದಲ. ವರದಿಯಲ್ಲಿ ‘ಲೆಫ್ಟ್ ಟ್ರಾನ್ಸ್‌ವರ್ಸ್ ಸೈನಸ್ ಹೈಪೋಪ್ಲಾಸ್ಟಿಕ್’ ಎಂದು ಓದಿ ಗಾಬರಿಯಾಗಿ ಓಡಿ ಬರುವವರಿದ್ದಾರೆ. ಹೈಪೋಪ್ಲಾಸ್ಟಿಕ್ ಎಂದರೆ ಹುಟ್ಟಿನಿಂದ ಸಣ್ಣದಾಗಿದೆ ಎಂದು. ಬಹಳ ಜನರಲ್ಲಿ ಬಲಗಡೆಯ ಟ್ರಾನ್ಸ್‌ವರ್ಸ್ ಸೈನಸ್ ದೊಡ್ಡದು, ಎಡಗಡೆಯದು ಸಣ್ಣದು. ಬಲಗೈ ಎಡಗೈ ಬಲದ ವ್ಯತ್ಯಾಸವಿದ್ದಂತೆ ಇದೂ ಒಂದು, ರೋಗವಲ್ಲ. ಸಣ್ಣ ಕಾಲುವೆಯಲ್ಲಿ ಹರಿವು ನಿಧಾನವಾದ್ದರಿಂದ ಚಿತ್ರದಲ್ಲಿ ಗೆರೆ ಕಡಿದಂತೆ ಕಾಣಬಹುದು. ಅದು ಹುಟ್ಟಿನಿಂದ ಸಣ್ಣದೋ ಅಥವಾ ಈಗ ಕಟ್ಟಿಕೊಂಡದ್ದೋ ಎಂದು ತಿಳಿಯಲು ವೈದ್ಯರು ಅದೇ ಬದಿಯಲ್ಲಿ ಮೂಳೆಯ ಮೇಲಿರುವ ಗಾಡಿಯನ್ನೂ, ಬುರುಡೆಯಿಂದ ಜುಗುಲರ್ ನಾಳ ಹೊರಬರುವ ರಂಧ್ರವನ್ನೂ ನೋಡುತ್ತಾರೆ. ಮೂಳೆಯ ದಾರಿಯೇ ಸಣ್ಣದಿದ್ದರೆ ನಾಳವೂ ಮೊದಲಿನಿಂದ ಸಣ್ಣದೇ. ‘ಅರಾಕ್ನಾಯ್ಡ್ ಗ್ರಾನ್ಯುಲೇಶನ್’ ಎಂಬ ಮಾತೂ ಹಾಗೆಯೇ. ಮೇಲೆ ಹೇಳಿದ ತಿಳಿನೀರು ಇಳಿಸುವ ಮೊಗ್ಗುಗಳಲ್ಲಿ ಒಂದು ದೊಡ್ಡದಾಗಿದ್ದರೆ ಸೈನಸ್‌ನಲ್ಲಿ ದುಂಡನೆಯ ಸಣ್ಣ ಕಲೆಯಂತೆ ಕಾಣುತ್ತದೆ. ಇದರಿಂದ ತೊಂದರೆಯಿಲ್ಲ. ವರದಿಯನ್ನು ನಿಮ್ಮಷ್ಟಕ್ಕೆ ಓದಿ ತೀರ್ಮಾನಕ್ಕೆ ಬರಬೇಡಿ, ನರರೋಗ ತಜ್ಞರು ರೋಗಿಯನ್ನೂ ಚಿತ್ರವನ್ನೂ ಒಟ್ಟಿಗೆ ನೋಡಿ ಹೇಳುತ್ತಾರೆ.

ಎಂ.ಆರ್.ಐ. ಕೋಣೆಯಲ್ಲಿ ದೊಡ್ಡ ಅಯಸ್ಕಾಂತ ಯಾವಾಗಲೂ ಚಾಲೂ ಇರುತ್ತದೆ. ಮಾಂಗಲ್ಯ, ಕಾಲುಂಗುರ, ಓಲೆ, ಮೂಗುಬೊಟ್ಟು, ಹೇರ್‌ಪಿನ್, ಕುಪ್ಪಸದ ಪಿನ್ ಎಲ್ಲ ತೆಗೆಯಬೇಕು. ಮಾಂಗಲ್ಯ ತೆಗೆಯಲು ಮನಸ್ಸೊಪ್ಪದವರು ಅರಿಶಿನದ ದಾರ ಕಟ್ಟಿಕೊಂಡು ಒಳಗೆ ಹೋಗಬಹುದು. ಇಷ್ಟಲಿಂಗ ಧರಿಸಿದವರು ಬೆಳ್ಳಿಯ ಕರಡಿಗೆ, ಸರಪಳಿ ಸಮೇತ ಒಳಗೆ ಹೋಗುವಂತಿಲ್ಲ. ಸ್ಕ್ಯಾನಿಗೆ ಹೋಗುವ ಮುಂಚೆ ಮನೆಯವರೊಬ್ಬರು ಶುಚಿಯಾಗಿ ಬಂದು ಅದನ್ನು ಕೈಯಲ್ಲಿ ಹಿಡಿದು ಹೊರಗೆ ಕೂತಿರಲಿ, ಮುಗಿದ ಕೂಡಲೇ ಧರಿಸಬಹುದು. ಇದಕ್ಕಾಗಿ ಯಾರೂ ನಿಮ್ಮನ್ನು ಅವಸರ ಮಾಡದಂತೆ ತಂತ್ರಜ್ಞರಿಗೆ ಮೊದಲೇ ಹೇಳಿ. ಒಳಗೆ ಅರ್ಧದಿಂದ ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕು, ಸದ್ದು ಜೋರಾಗಿರುತ್ತದೆ. ಮಗುವಿಗೆ ಹಾಲೂಡಿಸಿ ಹೋದರೆ ಒಳ್ಳೆಯದು. ಔಷಧಿ ಚುಚ್ಚಿ ಎಂ.ಆರ್.ಐ. ಮಾಡಿದರೂ ಎದೆಹಾಲು ನಿಲ್ಲಿಸಬೇಕಿಲ್ಲ.

ರಕ್ತಸ್ರಾವವಿದೆ ಎನ್ನುತ್ತಾರೆ, ಮತ್ತೆ ರಕ್ತ ತೆಳುವಾಗಿಸುವ ಔಷಧಿಯೇ?

ರೋಗಿಯ ಕಡೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹಿಂದೆಗೆಯುವುದು ಇಲ್ಲಿಯೇ. ವರದಿಯಲ್ಲಿ ‘ಹೆಮರೇಜಿಕ್ ವೀನಸ್ ಇನ್‌ಫಾರ್ಕ್ಟ್’ ಎಂದಿರುತ್ತದೆ. ತಲೆಯಲ್ಲಿ ರಕ್ತ ಸೋರಿದೆ ಎಂದು ಅದರರ್ಥ. ಆದರೂ ವೈದ್ಯರು ಹೆಪಾರಿನ್ ಎಂಬ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಂಜೆಕ್ಷನ್ ಕೊಡುತ್ತೇವೆ ಎನ್ನುತ್ತಾರೆ. ‘ಸೋರುತ್ತಿರುವಾಗ ಇನ್ನೂ ತೆಳು ಮಾಡಿದರೆ ಹೇಗೆ?’ ಎಂದು ಯಾರಿಗಾದರೂ ಅನಿಸುತ್ತದೆ.

ರಾಜಕಾಲುವೆಯನ್ನು ಮತ್ತೆ ನೆನೆಯಿರಿ. ಮನೆಗೆ ನೀರು ನುಗ್ಗಿರುವುದು ಮುಂದೆ ಕಾಲುವೆ ಕಟ್ಟಿರುವುದರಿಂದ. ಕಟ್ಟು ಬಿಡಿಸದೆ ಮನೆಯೊಳಗೆ ಬಕೆಟ್‌ನಲ್ಲಿ ನೀರು ಎತ್ತಿ ಹಾಕಿ ಫಲವಿಲ್ಲ. ಸೋರಿದ್ದು ಒತ್ತಡದಿಂದ, ಒತ್ತಡ ಇಳಿಯಬೇಕಾದರೆ ಹೆಪ್ಪು ಬೆಳೆಯುವುದು ನಿಲ್ಲಬೇಕು. ಹೆಪಾರಿನ್ ಮಾಡುವುದು ಇದನ್ನೇ. ಇರುವ ಹೆಪ್ಪನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ.

ಜರ್ಮನಿಯ ವೈದ್ಯರು 1991ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಹೆಪಾರಿನ್ ಪಡೆದ 10 ಜನರಲ್ಲಿ 8 ಜನ ಪೂರ್ತಿ ಗುಣವಾದರು, ಇಬ್ಬರಿಗೆ ಸ್ವಲ್ಪ ಊನ ಉಳಿಯಿತು, ಯಾರೂ ಸಾಯಲಿಲ್ಲ. ಪಡೆಯದ 10 ಜನರಲ್ಲಿ 3 ಜನ ತೀರಿಕೊಂಡರು, ಪೂರ್ತಿ ಗುಣವಾದವರು ಒಬ್ಬರೇ. ಅವರ ಹಳೆಯ ದಾಖಲೆಗಳಲ್ಲಿ ಮೊದಲೇ ರಕ್ತಸ್ರಾವವಾಗಿದ್ದ ರೋಗಿಗಳನ್ನೂ ಲೆಕ್ಕ ಹಾಕಿದರು. ರಕ್ತಸ್ರಾವದ ನಂತರ ಹೆಪಾರಿನ್ ಪಡೆದ 27 ಜನರಲ್ಲಿ 4 ಸಾವು, ಪಡೆಯದ 13 ಜನರಲ್ಲಿ 9 ಸಾವು. ಸಂಖ್ಯೆ ಸಣ್ಣದೇ ಆದರೂ ಮುಂದೆ ಚಿಕಿತ್ಸೆಯ ದಾರಿ ಬದಲಾಗಲು ಇದು ನೆರವಾಯಿತು. ನಿಮ್ಹಾನ್ಸ್‌ನಲ್ಲೂ ಬಾಣಂತಿಯರಿಗೇ ಹೆಪಾರಿನ್ ಕೊಟ್ಟು ನೋಡಿದ ಅಧ್ಯಯನ 1995ರಲ್ಲಿ ಪ್ರಕಟವಾಗಿದೆ. ಇಂದು ತಲೆಯಲ್ಲಿ ಸೋರಿಕೆಯಿದ್ದರೂ ಹೆಪಾರಿನ್ ಕೊಡುವುದೇ ಒಪ್ಪಿತ ಪದ್ಧತಿ. ಅಪಾಯ ಇಲ್ಲವೇ ಇಲ್ಲ ಎಂದಲ್ಲ, ಕೊಡದಿದ್ದರೆ ಅಪಾಯ ಹೆಚ್ಚು. ವೈದ್ಯರನ್ನು ಬೇಕಾದಷ್ಟು ಪ್ರಶ್ನೆ ಕೇಳಿ, ಆದರೆ ಊರಿನಿಂದ ಹಿರಿಯರು ಬರಲಿ ಎಂದು ಸಹಿಯನ್ನು ನಾಳೆಗೆ ಇಡಬೇಡಿ. ಫೋನಿನಲ್ಲೇ ಅವರ ಜೊತೆ ಮಾತನಾಡಿ. ಊತ ತೀರಾ ಹೆಚ್ಚಾದ ಕೆಲವರಿಗೆ ಬುರುಡೆಯ ಒಂದು ಭಾಗ ತೆಗೆದು ಮಿದುಳಿಗೆ ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅಂಥ ರೋಗಿಯನ್ನು ಆ ಸೌಲಭ್ಯವಿರುವ ಕಡೆ ಕಳಿಸುತ್ತಾರೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲಿರುಳೂ ತೆರೆದಿರುತ್ತದೆ. ಕೆಂಗೇರಿಯ ಕಡೆಯವರು ನಗರ ದಾಟಬೇಕು, ಆದ್ದರಿಂದ ಕಳಿಸುತ್ತೇವೆ ಎಂದ ಮೇಲೆ ತಡಮಾಡಬೇಡಿ.

ಮನೆಗೆ ಹೋದ ಮೇಲೆ

ಹೆಪಾರಿನ್ ನಂತರ ವಾರ್ಫರಿನ್ ಅಥವಾ ಅಸೆನೋಕುಮರಾಲ್ ಮಾತ್ರೆ ಕೊಡುತ್ತಾರೆ, ಸಾಮಾನ್ಯವಾಗಿ 3ರಿಂದ 12 ತಿಂಗಳು. ಪಿ.ಟಿ.-ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ಹೇಳಿದ ದಿನ ತಪ್ಪದೆ ಮಾಡಿಸಿ. ಹೆಚ್ಚಿನವರಿಗೆ ಅದು 2 ಮತ್ತು 3ರ ನಡುವೆ ಇರಬೇಕು. ಸೊಪ್ಪು ತಿನ್ನಬೇಡಿ ಎಂದು ಯಾರೋ ಹೇಳಿದರೆಂದು ಪೂರ್ತಿ ಬಿಡುವುದೂ ಬೇಡ, ಒಂದು ದಿನ ರಾಶಿ ತಿಂದು ಮರುದಿನ ಬಿಡುವುದೂ ಬೇಡ. ವಾರವಾರ ಒಂದೇ ಅಳತೆಯಲ್ಲಿ ತಿನ್ನಿ. ನೋವಿನ ಮಾತ್ರೆ, ನಾಟಿ ಔಷಧಿಯನ್ನು ಕೇಳದೆ ತೆಗೆದುಕೊಳ್ಳಬೇಡಿ. ಮಾತ್ರೆ ನುಂಗುವ ತಾಯಿ ಹಾಲೂಡಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹೆಪಾರಿನ್, ವಾರ್ಫರಿನ್ ಎರಡರಲ್ಲೂ ಊಡಿಸಬಹುದು. ಈಚೆಗೆ ಬಂದಿರುವ ಹೊಸ ಮಾತ್ರೆಗಳಾದ ಡಬಿಗಟ್ರಾನ್ ಮೊದಲಾದವನ್ನು ಹಾಲೂಡಿಸುವಾಗ ಕೊಡುವುದಿಲ್ಲ, ಆದ್ದರಿಂದ ಹಾಲೂಡಿಸುತ್ತಿದ್ದೇನೆ ಎಂದು ವೈದ್ಯರಿಗೆ ನೀವೇ ಹೇಳಿ. ವಾರ್ಫರಿನ್ ಗರ್ಭದಲ್ಲಿನ ಮಗುವಿಗೆ ಅಪಾಯ ಮಾಡಬಲ್ಲದು. ಮಾತ್ರೆ ನಡೆಯುವಷ್ಟು ಕಾಲ ಗರ್ಭ ನಿಲ್ಲದಂತೆ ನೋಡಿಕೊಳ್ಳಿ, ಅದಕ್ಕೆ ಹಾರ್ಮೋನ್ ಮಾತ್ರೆ ಬಿಟ್ಟು ಬೇರೆ ವಿಧಾನ ಕೇಳಿ.

ಕೆಲವು ತಿಂಗಳ ನಂತರ ಮತ್ತೆ ಎಂ.ಆರ್.ವಿ. ಮಾಡಿದಾಗ ‘ಪಾರ್ಶಿಯಲ್ ರೀಕೆನಲೈಸೇಶನ್’ ಎಂದು ಬರಬಹುದು. ದಾರಿ ಪೂರ್ತಿಯಲ್ಲ, ಭಾಗಶಃ ತೆರೆದಿದೆ ಎಂದು ಅರ್ಥ. ಅಕ್ಕಪಕ್ಕದ ಸಣ್ಣ ನಾಳಗಳು ಆ ವೇಳೆಗೆ ದೊಡ್ಡದಾಗಿ ರಕ್ತ ಒಯ್ಯಲು ಕಲಿತಿರುತ್ತವೆ. ರೋಗಿ ಚೆನ್ನಾಗಿದ್ದರೆ ಈ ಒಂದು ಪದಕ್ಕಾಗಿ ಕೊರಗಬೇಕಿಲ್ಲ. ಮುಂದಿನ ಗರ್ಭ ಬೇಡವೇ ಬೇಡ ಎಂದು ಅತ್ತೆಮನೆಯವರು ಹೆದರಿಸುವುದುಂಟು. ಬಹಳಷ್ಟು ಜನ ಮತ್ತೆ ಸುರಕ್ಷಿತವಾಗಿ ಹೆತ್ತಿದ್ದಾರೆ. ಆದರೆ ಗರ್ಭ ನಿಂತಿದೆ ಎಂದು ತಿಳಿದ ವಾರದಲ್ಲೇ ಹಳೆಯ ಸ್ಕ್ಯಾನಿನ ಸಿ.ಡಿ., ಫಿಲ್ಮ್ ಮತ್ತು ಡಿಸ್ಚಾರ್ಜ್ ಕಾಗದ ಹಿಡಿದುಕೊಂಡು ಹೆರಿಗೆ ವೈದ್ಯರನ್ನು ಕಾಣಬೇಕು. ಆಗ ಹೆಪಾರಿನ್ ಇಂಜೆಕ್ಷನ್ ಬೇಕೇ, ಯಾವಾಗಿನಿಂದ, ಹೆರಿಗೆಯಾದ ಮೇಲೆ ಎಷ್ಟು ವಾರ ಎಂದು ಅವರು ಬರೆದುಕೊಡುತ್ತಾರೆ. ಆ ಕಾಗದಗಳನ್ನು ತವರಿಗೆ ಹೋಗುವಾಗ ಮಗುವಿನ ಬಟ್ಟೆಯ ಜೊತೆ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ.